ಹೇತು ಕೇಳುವ ಬಳಗ

ಸಂಗ್ರಹಿಸಿದ ಅಂಕಿ ಅಂಶಗಳ ದೋಷ ತಿದ್ದಿ, ಅವುಗಳನ್ನು ಒಂದರೊಡನೊಂದು ಹೋಲಿಸಿ, ಅವುಗಳ ಆಧಾರದಿಂದ ಒಂದು ನಿರ್ಣಯಕ್ಕೆ ಬರುವ ವಿದ್ಯೆಯನ್ನು ದತ್ತಾಂಶ ವಿಶ್ಲೇಷಣೆ ಅಥವಾ ಡೇಟಾ ಅನಾಲಿಟಿಕ್ಸ್ ಎನ್ನುತ್ತಾರೆ. ಈ ವೃತ್ತಿಯವರು ಪರಸ್ಪರ ಕಲಿಯಲು ಕಟ್ಟಿಕೊಂಡಿರುವ ಆನ್‌ಲೈನ್ ಬಳಗಗಳನ್ನು ಸೇರಿದರೆ ಪಿರಿಯಾಪಟ್ಟಣ, ಹುಣಸೂರು, ಎಚ್.ಡಿ. ಕೋಟೆಯಂಥ ತಾಲ್ಲೂಕುಗಳ ಪದವೀಧರರೂ ಬೆಂಗಳೂರಿನವರಿಗೆ ಸಮನಾಗಿ ಬೆಳೆಯಬಹುದೆಂಬ ನಂಬಿಕೆ ಇಂದು ವ್ಯಾಪಕವಾಗಿದೆ. ಪಾಠ ದೊರೆಯುವ ಮಟ್ಟಿಗೆ ಈ ನಂಬಿಕೆ ನಿಜ: 2003ರಲ್ಲಿ ಐಐಟಿಗಳೂ ಭಾರತೀಯ ವಿಜ್ಞಾನ ಸಂಸ್ಥೆಯೂ ಕೂಡಿ ಆರಂಭಿಸಿದ ಎನ್‌ಪಿಟೆಲ್ ಪಾಠಮಾಲೆ, 2017ರಲ್ಲಿ ಬಂದ ಸ್ವಯಂ ಎಂಬ ಆನ್‌ಲೈನ್ ಕಲಿಕಾ ತಾಣ, ಜೆಇಇ ಬರೆಯದವರಿಗೂ ತೆರೆದಿರುವ ಮದ್ರಾಸ್ ಐಐಟಿಯ 2020ರ ದತ್ತಾಂಶ ವಿಜ್ಞಾನ ಪದವಿ, ಇವೆಲ್ಲ ಪಾಠವನ್ನು ಮನೆಬಾಗಿಲಿಗೆ ತಂದಿವೆ. ಆದರೆ ಪಾಠ ಕೇಳಿದವನ ತೀರ್ಮಾನವನ್ನು ಎದುರಿಗೆ ನಿಂತು ಪರೀಕ್ಷಿಸುವವರು ಯಾರು ಎಂಬ ಪ್ರಶ್ನೆಗೆ ಈ ಬಳಗಗಳಲ್ಲಿ ಹೆಚ್ಚಿನವು ಉತ್ತರ ಕೊಟ್ಟಿಲ್ಲ.

ಅಂಥ ಪರೀಕ್ಷೆಯ ಒಂದು ಹಳೆಯ ಮಾದರಿ ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿಯೇ ಇದೆ. 1419ರಲ್ಲಿ ಲಾಸಾದ ಬಳಿ ಸ್ಥಾಪಿತವಾಗಿ, ಟಿಬೆಟನ್ ನಿರಾಶ್ರಿತ ಭಿಕ್ಷುಗಳಿಂದ 1970ರ ಸುಮಾರಿಗೆ ಇಲ್ಲಿ ಮರುಹುಟ್ಟು ಪಡೆದ ಸೆರಾ ವಿಹಾರದ ಸೆರಾ ಜೆ ಮತ್ತು ಸೆರಾ ಮೆ ವಿದ್ಯಾಲಯಗಳಲ್ಲಿ, ಬೌದ್ಧ ತಾರ್ಕಿಕರಾದ ದಿಙ್ನಾಗ ಹಾಗೂ ಧರ್ಮಕೀರ್ತಿಯರ ಪ್ರಮಾಣಶಾಸ್ತ್ರವನ್ನು ಆಧರಿಸಿದ ವಾದಾಭ್ಯಾಸ ಅಂಗಳದಲ್ಲಿ ನಡೆಯುತ್ತದೆ. ನಿಂತ ಭಿಕ್ಷು ಅಂಗೈ ತಟ್ಟಿ ಒಂದು ವಾದವನ್ನು ಮುಂದಿಡುತ್ತಾನೆ; ಕುಳಿತವನು ಅದನ್ನು ಒಪ್ಪಬೇಕು, ಏಕೆಂದು ಕೇಳಬೇಕು, ಇಲ್ಲವೇ ದೋಷ ಎಲ್ಲಿದೆಯೆಂದು ಖಚಿತವಾಗಿ ಹೇಳಬೇಕು. ‘ಹೇತು ಸಿದ್ಧವಾಗಿಲ್ಲ’ ಎಂದರೆ ಕೊಟ್ಟ ಕಾರಣವೇ ನಿಜವಲ್ಲ; ‘ವ್ಯಾಪ್ತಿ ಇಲ್ಲ’ ಎಂದರೆ ಕಾರಣ ನಿಜವಾದರೂ ಅದರಿಂದ ಆ ತೀರ್ಮಾನ ಹೊರಡುವುದಿಲ್ಲ. ದತ್ತಾಂಶ ವಿಶ್ಲೇಷಕನು ಎಸಗುವ ತಪ್ಪುಗಳಲ್ಲಿ ಬಹುಪಾಲು ಈ ಎರಡರಲ್ಲಿ ಒಂದಕ್ಕೆ ಸೇರುತ್ತವೆ.

ಈ ಮಾತಿಗೆ ಸಾಕ್ಷಿ ಇದೇ ಸೀಮೆಯ ಹೊಗೆಸೊಪ್ಪಿನಲ್ಲಿದೆ. ಕರ್ನಾಟಕದಲ್ಲಿ 1984ರಿಂದ ತಂಬಾಕು ಮಂಡಳಿ ಹರಾಜು ನಡೆಸುತ್ತಿದ್ದು, ಹುಣಸೂರು, ಪಿರಿಯಾಪಟ್ಟಣ, ಕಂಪಲಾಪುರಗಳ ಮಾರುಕಟ್ಟೆಗಳಲ್ಲಿ ಬೇಲುಗಳು ದರ್ಜೆಗೆ ತಕ್ಕ ದರ ಪಡೆಯುತ್ತವೆ. ಒಂದು ಮಾರುಕಟ್ಟೆಯ ಸರಾಸರಿ ದರ ಇನ್ನೊಂದಕ್ಕಿಂತ ಹೆಚ್ಚಿದೆಯೆಂದು ಕಂಡ ಕೂಡಲೇ ಅಲ್ಲಿ ರೈತನಿಗೆ ಒಳ್ಳೆಯ ಬೆಲೆ ಸಿಗುತ್ತದೆಂದು ತೀರ್ಮಾನಿಸಿದರೆ ವ್ಯಾಪ್ತಿ ತಪ್ಪಿತು. ಹೆಚ್ಚು ಬೆಲೆ ಬಾಳುವ ಬ್ರೈಟ್ ದರ್ಜೆಯ ಸೊಪ್ಪು ಅಲ್ಲಿಗೆ ಹೆಚ್ಚು ಬಂದಿದ್ದರೆ, ಪ್ರತಿ ದರ್ಜೆಯ ದರವೂ ಕಡಿಮೆ ಇದ್ದಾಗಲೂ ಒಟ್ಟು ಸರಾಸರಿ ಮೇಲೇರಬಲ್ಲದು. ಇದನ್ನು ಹಿಡಿಯಲು ಹೊಸ ತಂತ್ರಾಂಶ ಬೇಕಿಲ್ಲ, ಸೊಪ್ಪಿನ ದರ್ಜೆ ತಿಳಿದು ಪ್ರಶ್ನಿಸುವ ಜೊತೆಗಾರ ಬೇಕು.

ಆನ್‌ಲೈನ್ ಬಳಗಗಳಲ್ಲಿ ಅಂಥ ಜೊತೆಗಾರ ಸುಲಭವಾಗಿ ಸಿಗುವುದಿಲ್ಲ. 2010ರಲ್ಲಿ ಆರಂಭವಾದ ಕ್ಯಾಗಲ್ ಎಂಬ ಜಾಗತಿಕ ಬಳಗದಲ್ಲಿ ಹೊಸಬರು ಸಾಮಾನ್ಯವಾಗಿ ಟೈಟಾನಿಕ್ ಹಡಗಿನ 891 ಪ್ರಯಾಣಿಕರ ಪಟ್ಟಿಯಿಂದ ಕಲಿಕೆ ತೊಡಗುತ್ತಾರೆ, ಮತ್ತು ಯಾರು ಬದುಕುಳಿದರೆಂಬ ಊಹೆ ಎಷ್ಟು ಸರಿಯಾಯಿತೆಂಬುದಕ್ಕೆ ಅಂಕ, ಅಂಕಕ್ಕೆ ತಕ್ಕ ಸ್ಥಾನ ದೊರೆಯುತ್ತದೆ. ಕೈ ಪಳಗಲು ಇದು ಬಹಳ ಒಳ್ಳೆಯದು. ಆದರೆ ಅಂಕವು ಉತ್ತರವನ್ನು ಅಳೆಯುತ್ತದೆಯೇ ಹೊರತು ಹೇತುವನ್ನು ಕೇಳುವುದಿಲ್ಲ; ಇನ್ನು ಪ್ರಮಾಣಪತ್ರವನ್ನೇ ಗುರಿಯಾಗಿಸಿಕೊಂಡ ಬಳಗಗಳಲ್ಲಿ ಆ ಅಂಕವೂ ಮುಖ್ಯವಲ್ಲ.

ಸೆರಾದ ಪದ್ಧತಿಗೂ ಮಿತಿ ಇದೆ. ಅಲ್ಲಿನ ವಾದ ಬಹುಮಟ್ಟಿಗೆ ನಿಶ್ಚಿತ ಗ್ರಂಥಗಳ ಸುತ್ತ ಸಾಗುತ್ತದೆ. ಹೊಸದಾಗಿ ಅಳೆದ ಸಂಖ್ಯೆಯೊಂದು ವಾದವನ್ನು ಮುರಿಯುವ ಸಂದರ್ಭ ಅಲ್ಲಿ ವಿರಳ; ಅಮೆರಿಕದ ಎಮೊರಿ ವಿಶ್ವವಿದ್ಯಾಲಯದ ಸಹಯೋಗದಿಂದ ಭಿಕ್ಷುಗಳ ಪಠ್ಯಕ್ಕೆ ಆಧುನಿಕ ವಿಜ್ಞಾನ ಸೇರಿರುವುದು ಈ ಕೊರತೆಯನ್ನು ತುಂಬುವ ದಿಕ್ಕಿನಲ್ಲಿದೆ. ಅಲ್ಲದೆ ಎದುರೆದುರಾಗಿ ವರ್ಷಗಟ್ಟಲೆ ನಡೆಸುವ ಅಭ್ಯಾಸವನ್ನು ಹಗಲಿಡೀ ದುಡಿದು ರಾತ್ರಿ ಮೊಬೈಲಿನಲ್ಲಿ ಓದುವವರಿಂದ ನಿರೀಕ್ಷಿಸಲಾಗದು. ಆದರೆ ದೋಷ ಎಲ್ಲಿದೆಯೆಂದು ಖಚಿತವಾಗಿ ಹೇಳಬೇಕೆಂಬ ಅದರ ನಿಯಮವನ್ನು ಎರವಲು ಪಡೆಯಲು ಯಾವ ಅಡ್ಡಿಯೂ ಇಲ್ಲ.

ಈ ನಿಯಮಕ್ಕೆ ಹತ್ತಿರವಾದ ಬಳಗವೂ ಇದೆ. 2011ರಲ್ಲಿ ಬೆಂಗಳೂರಿನಲ್ಲಿ ಮೊದಲಾದ ಡೇಟಾಮೀಟ್ ಬಳಗವು ಭಾರತದ ಹಳ್ಳಿ, ಕ್ಷೇತ್ರಗಳ ಗಡಿನಕ್ಷೆಗಳನ್ನು ಮುಕ್ತವಾಗಿ ಹಂಚಿ, ಯಾರು ಬೇಕಾದರೂ ತಪ್ಪು ತೋರಿಸಿ ತಿದ್ದಲು ಅವಕಾಶ ಕೊಟ್ಟಿರುವುದರಿಂದ, ತನ್ನ ನೆಲದ ದತ್ತಾಂಶವನ್ನು ಬಲ್ಲವನ ಮಾತಿಗೆ ಅಲ್ಲಿ ಬೆಲೆ ಇದೆ. ಮೈಸೂರು ಸೀಮೆಯ ಯುವ ವಿಶ್ಲೇಷಕರು ಸೇರಬೇಕಾದದ್ದು ಇಂಥ ಬಳಗವನ್ನು. ಯಾರೂ ಎದುರು ಪ್ರಶ್ನೆ ಹಾಕದ ಬಳಗದ ಪ್ರಮಾಣಪತ್ರಕ್ಕೆ ಹಣ ತೆರುವುದು ವ್ಯರ್ಥ.