ಮೂವತ್ತು ಸೆಕೆಂಡಿನ ಕೂಲಿ

ಶಿವಮೊಗ್ಗ ನಗರದಿಂದ ಕೆಲವೇ ಕಿಲೋಮೀಟರುಗಳ ದೂರದಲ್ಲಿ, ತುಂಗೆಯ ಎರಡು ದಡಗಳಲ್ಲಿ ಮತ್ತೂರು, ಹೊಸಹಳ್ಳಿ ಎಂಬ ಎರಡು ಗ್ರಾಮಗಳಿವೆ. ಮತ್ತೂರು ಸಂಸ್ಕೃತಕ್ಕೆ ಹೆಸರಾದರೆ ಹೊಸಹಳ್ಳಿ ಗಮಕಕ್ಕೆ ಹೆಸರಾಗಿದೆ. 2022ರಲ್ಲಿ ಪದ್ಮಶ್ರೀ ಪ್ರಶಸ್ತಿಗೆ ಪಾತ್ರರಾಗಿ ಅದೇ ವರ್ಷದ ಕೊನೆಯಲ್ಲಿ ನಮ್ಮನ್ನಗಲಿದ ಗಮಕಿ ಎಚ್.ಆರ್. ಕೇಶವಮೂರ್ತಿಯವರು ಈ ಊರಿನವರು. ಗಮಕವು ಅವಸರವನ್ನು ಒಪ್ಪುವ ಕಲೆಯಲ್ಲ. ಕುಮಾರವ್ಯಾಸನ ಒಂದು ಷಟ್ಪದಿಯನ್ನು ಸಂದರ್ಭಕ್ಕೊಪ್ಪುವ ರಾಗದಲ್ಲಿ ವಾಚಿಸಿ, ಪದಗಳನ್ನು ಅರ್ಥ ಕೆಡದಂತೆ ಬಿಡಿಸಿ, ವ್ಯಾಖ್ಯಾನಕಾರರಿಗೆ ಬಿಟ್ಟುಕೊಟ್ಟು, ಅವರ ಮಾತು ಮುಗಿದ ಮೇಲೆ ಮುಂದಿನ ಪದ್ಯಕ್ಕೆ ಸಾಗಬೇಕು. ಹತ್ತಾರು ಪದ್ಯಗಳಾಗುವಷ್ಟರಲ್ಲಿ ಒಂದು ಗಂಟೆ ಕಳೆದಿರುತ್ತದೆ.

ಈ ಒಂದು ಗಂಟೆಯ ವಾಚನವನ್ನು ಧ್ವನಿಮುದ್ರಿಸಿ ಇಂದಿನ ಅಂತರಜಾಲದ ಸಂಗೀತ ವೇದಿಕೆಯೊಂದಕ್ಕೆ ಏರಿಸಿದರೆ ಅದರ ಬೆಲೆ ಎಷ್ಟು? ಸ್ಪಾಟಿಫೈ ಸಂಸ್ಥೆಯ ಲೆಕ್ಕದಲ್ಲಿ ಕೇಳುಗನೊಬ್ಬ ಯಾವುದೇ ಧ್ವನಿಮುದ್ರಣವನ್ನು 30 ಸೆಕೆಂಡು ಕೇಳಿದರೆ ಅದು 'ಒಂದು' ಎಂದು ದಾಖಲಾಗುತ್ತದೆ. ಎರಡು ನಿಮಿಷದ ಹಾಡನ್ನು ಅರ್ಧ ನಿಮಿಷ ಕೇಳಿ ಬಿಟ್ಟವನೂ ಒಂದೇ, ಗಮಕವನ್ನು ಒಂದು ಗಂಟೆ ಕಣ್ಣುಮುಚ್ಚಿ ಆಲಿಸಿದವನೂ ಒಂದೇ. ಗಮಕಿ ಒಂದು ಗಂಟೆಯಲ್ಲಿ ಗಳಿಸಿದ್ದನ್ನು ಎರಡು ನಿಮಿಷದ ಹಾಡುಗಳ ತಯಾರಕನು ಅದೇ ಅವಧಿಯಲ್ಲಿ ಮೂವತ್ತು ಪಟ್ಟು ಗಳಿಸಬಲ್ಲನು. ಬೇಕಿದ್ದರೆ ಗಮಕಿಯೂ ತನ್ನ ವಾಚನವನ್ನು ಇಪ್ಪತ್ತು ತುಂಡು ಮಾಡಿ ಏರಿಸಲಿ ಎಂದು ತಂತ್ರಜ್ಞರು ಹೇಳಿಯಾರು. ಕಲೆಯ ಆಕಾರವನ್ನು ಸಂಭಾವನೆಯ ಅಳತೆಗೋಲು ನಿರ್ಧರಿಸತೊಡಗುವುದು ಇಂಥ ಸಲಹೆಗಳಿಂದಲೇ. ಆಲಾಪನೆಯಿಂದ ಆರಂಭವಾಗುವ ಭಾವಗೀತೆಗೂ ಇದೇ ಆತಂಕವಿದೆ. ಕೇಳುಗನು ಮೊದಲ ಅರ್ಧ ನಿಮಿಷದೊಳಗೆ ಬಿಟ್ಟುಹೋದರೆ ಹಾಡು ಹಾಡಿಯೇ ಇಲ್ಲವೆಂದು ಲೆಕ್ಕ!

ಸ್ವತಂತ್ರ ಸಂಗೀತಗಾರರ ಸಂಭಾವನೆಯ ಪ್ರಶ್ನೆ ಬಂದಾಗಲೆಲ್ಲ 'ಬಹಳ ಕಡಿಮೆ ಕೊಡುತ್ತಾರೆ' ಎಂಬ ದೂರು ಕೇಳಿಬರುತ್ತದೆ. ದೂರು ನಿಜವೇ. ಆದರೆ ನನ್ನ ಮಟ್ಟಿಗೆ ಮೂಲ ದೋಷ ಹಣದ ಅಲ್ಪತೆಯಲ್ಲಿಲ್ಲ, ಹಂಚಿಕೆಯ ರೀತಿಯಲ್ಲಿದೆ. ನಾನು ಕೊಟ್ಟ ಹಣ ನಾನು ಕೇಳಿದ ಗಾಯಕನಿಗೆ ಹೋಗುವುದಿಲ್ಲ. ಈ ಸಂಗತಿ ಚಂದಾ ಕಟ್ಟುವ ಬಹುಮಂದಿಗೆ ತಿಳಿದೇ ಇಲ್ಲ.

ಇದನ್ನು ಒಂದು ಸಣ್ಣ ಲೆಕ್ಕದಿಂದ ನೋಡೋಣ. ಇಬ್ಬರೇ ಚಂದಾದಾರರಿರುವ ಒಂದು ವೇದಿಕೆಯನ್ನು ಕಲ್ಪಿಸಿಕೊಳ್ಳಿ. ಇಬ್ಬರೂ ತಿಂಗಳಿಗೆ ತಲಾ 100 ರೂಪಾಯಿ ಕೊಡುತ್ತಾರೆ. ಒಬ್ಬ ಶಿವಮೊಗ್ಗದ ಗಾಂಧಿಬಜಾರಿನ ಅಂಗಡಿಯಲ್ಲಿ ದುಡಿಯುವ ಯುವಕ. ಕೆಲಸದ ನಡುವೆ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ತಿಂಗಳಿಗೆ 900 ಚಿತ್ರಗೀತೆಗಳನ್ನು ಕೇಳುತ್ತಾನೆ. ಇನ್ನೊಬ್ಬರು ಭದ್ರಾವತಿಯ ನ್ಯೂಟೌನಿನಲ್ಲಿರುವ ನಿವೃತ್ತರು. ದಿನಕ್ಕೆ ಮೂರೋ ನಾಲ್ಕೋ ಹಾಡುಗಳಂತೆ ತಿಂಗಳಿಗೆ 100 ಬಾರಿ ಕೇಳುತ್ತಾರೆ, ಅಷ್ಟೂ ತಮ್ಮೂರಿನ ಒಬ್ಬ ಗಾಯಕಿಯ ಹಾಡುಗಳನ್ನೇ. ಒಟ್ಟು 200 ರೂಪಾಯಿಯಲ್ಲಿ ವೇದಿಕೆ ತನ್ನ ಪಾಲೆಂದು ನೂರಕ್ಕೆ 30ರಂತೆ ಉಳಿಸಿಕೊಂಡರೆ 140 ರೂಪಾಯಿ ಉಳಿಯಿತು. ಅದನ್ನು 1000 ಶ್ರವಣಗಳಿಗೆ ಹಂಚಿದರೆ ಒಂದಕ್ಕೆ 14 ಪೈಸೆ. ಗಾಯಕಿಯ ಪಾಲು 14 ರೂಪಾಯಿ. ಆದರೆ ನಿವೃತ್ತರು ಕೊಟ್ಟ ಹಣದಲ್ಲಿ ಕಲಾವಿದರಿಗೆಂದು ಉಳಿದಿದ್ದುದು 70 ರೂಪಾಯಿ. ಮಿಕ್ಕ 56 ರೂಪಾಯಿ ಅವರು ಒಮ್ಮೆಯೂ ಕೇಳದ ಚಿತ್ರಗೀತೆಗಳ ಒಡೆಯರಿಗೆ ಸಂದಿತು. ಮಿತವಾಗಿ, ಮನಸ್ಸಿಟ್ಟು ಕೇಳುವವರ ಹಣ ದಿನವಿಡೀ ಕೇಳುವವರ ಆಯ್ಕೆಯ ಕಡೆಗೆ ಹರಿದುಹೋಗುವ ವ್ಯವಸ್ಥೆಯಿದು. ಹೆಚ್ಚಿನ ದೊಡ್ಡ ವೇದಿಕೆಗಳು ಹಿಡಿದಿರುವ ದಾರಿ ಮುಖ್ಯವಾಗಿ ಇದೇ. ಇದರಲ್ಲಿ ಮೋಸದ ಲೆಕ್ಕವೇನೂ ಇಲ್ಲ, ಎಲ್ಲವೂ ಒಪ್ಪಂದದ ಪ್ರಕಾರವೇ ನಡೆಯುತ್ತದೆ. ನನಗೆ ಹೆಚ್ಚು ಕಳವಳಕಾರಿಯಾಗಿ ಕಾಣುವುದು ಅದೇ.

ಸಾಲದುದಕ್ಕೆ, ಸ್ಪಾಟಿಫೈ 2024ರ ಆರಂಭದಿಂದ ಹೊಸ ನಿಯಮವೊಂದನ್ನು ತಂದಿದೆ. ಹಿಂದಿನ ಹನ್ನೆರಡು ತಿಂಗಳಲ್ಲಿ ಕನಿಷ್ಠ 1000 ಬಾರಿ ಕೇಳಲ್ಪಡದ ಹಾಡಿಗೆ ಧ್ವನಿಮುದ್ರಣದ ರಾಯಧನವೇ ಇಲ್ಲ. ಆ ಹಣ ಅರ್ಹತೆ ಪಡೆದ ಇತರ ಹಾಡುಗಳ ಪಾಲಾಗುತ್ತದೆ. ಅಂಥ ಹಾಡುಗಳು ತಿಂಗಳಿಗೆ ಸರಾಸರಿ ಮೂರು ಅಮೆರಿಕನ್ ಸೆಂಟುಗಳನ್ನಷ್ಟೇ ಗಳಿಸುತ್ತಿದ್ದವು, ಆ ಚಿಲ್ಲರೆ ಕಲಾವಿದರ ಕೈಸೇರುತ್ತಲೂ ಇರಲಿಲ್ಲ ಎಂಬುದು ಸಂಸ್ಥೆಯ ಸಮರ್ಥನೆ. ಬರಿಯ ಸದ್ದನ್ನು ತುಂಬಿ ದುಡ್ಡೆಣಿಸುವ ಕಪಟಿಗಳನ್ನು ತಡೆಯಬೇಕೆಂಬ ಉದ್ದೇಶವೂ ಅದಕ್ಕಿತ್ತೆನ್ನಿ. ಆಗುಂಬೆಯ ಮಳೆಯ ಸದ್ದನ್ನು ಅರ್ಧರ್ಧ ನಿಮಿಷಕ್ಕೆ ಕತ್ತರಿಸಿ ಏರಿಸಿದರೂ ಗಾಯಕನಷ್ಟೇ ಗಳಿಕೆಯಾಗುವ ಕಾಲ ಇತ್ತು! ಆದರೂ ಮೂರು ಸೆಂಟು ಅಲ್ಪವೆಂಬುದು ಅದನ್ನು ಕಿತ್ತು ಉಳ್ಳವರಿಗೆ ಕೊಡುವುದಕ್ಕೆ ಕಾರಣವಾಗಲಾರದು. ಒಬ್ಬನಿಗೆ ಅಲ್ಪವಾದದ್ದು ಕೋಟ್ಯಂತರ ಹಾಡುಗಳಿಂದ ಒಟ್ಟುಗೂಡಿದಾಗ ಅಲ್ಪವಾಗಿ ಉಳಿಯುವುದಿಲ್ಲ.

ಇನ್ನೊಂದು ಏರ್ಪಾಡು 2020ರಲ್ಲಿ ಪ್ರಕಟವಾಯಿತು. ಕಲಾವಿದನೋ ಅವನ ಪರವಾದ ಸಂಸ್ಥೆಯೋ ಒಪ್ಪಿದರೆ ಅವನ ಹಾಡನ್ನು ವೇದಿಕೆಯ ಗಣಕವು ಹೊಸ ಕೇಳುಗರ ಮುಂದೆ ಹೆಚ್ಚಾಗಿ ಇಡುತ್ತದೆ. ಹಾಗೆ ಬಂದ ರಾಯಧನದಲ್ಲಿ ನೂರಕ್ಕೆ 30ರಷ್ಟನ್ನು ವೇದಿಕೆಗೇ ಬಿಟ್ಟುಕೊಡಬೇಕು. ಎಲ್ಲರೂ ಒಪ್ಪಿದ ದಿನ ಯಾರಿಗೂ ಮುಂಚೂಣಿ ಸಿಗುವುದಿಲ್ಲ, ಎಲ್ಲರ ಸಂಪಾದನೆ ಮಾತ್ರ ಇಳಿದಿರುತ್ತದೆ.

ವೇದಿಕೆಯನ್ನು ಪ್ರವೇಶಿಸುವ ಬಾಗಿಲಲ್ಲೂ ಸ್ವತಂತ್ರ ಗಾಯಕನೇ ಮೊದಲು ಹಣ ಕೊಡಬೇಕಾದ ಸ್ಥಿತಿಯಿದೆ. ಸಾಮಾನ್ಯವಾಗಿ ವಿತರಕ ಸಂಸ್ಥೆಯೊಂದರ ಮೂಲಕವೇ ಹಾಡು ಹೋಗಬೇಕು. ಕೆಲವು ವಿತರಕರಿಗೆ ವರ್ಷವರ್ಷವೂ ಶುಲ್ಕ ಕಟ್ಟಬೇಕು, ನಿಲ್ಲಿಸಿದರೆ ಹಾಡು ಮಾಯವಾಗಬಹುದು. ವೇದಿಕೆಗಳೇ ಮಾಯವಾಗುವುದೂ ಉಂಟು. ಏರ್‌ಟೆಲ್‌ನ ವಿಂಕ್ 2024ರಲ್ಲಿ ಮುಚ್ಚಿತು. ಅಲ್ಲಿ ವರ್ಷಗಳಿಂದ ಕೂಡಿಸಿಕೊಂಡಿದ್ದ ಕೇಳುಗರನ್ನು ಚಿಕ್ಕ ಕಲಾವಿದ ಬೇರೆಡೆ ಮತ್ತೆ ಒಂದರಿಂದ ಎಣಿಸಬೇಕಾಯಿತು.

ಇದಕ್ಕೆ ಹೋಲಿಸಿ ನೋಡಲು ನಮ್ಮ ಜಿಲ್ಲೆಯಲ್ಲೇ ಒಂದು ಹಳೆಯ ಮಾದರಿಯಿದೆ. 1965ರಲ್ಲಿ ಆರಂಭವಾದ ಭದ್ರಾವತಿ ಆಕಾಶವಾಣಿ ಮಲೆನಾಡಿನ ಎಷ್ಟೋ ಗಾಯಕರಿಗೆ, ಜನಪದ ತಂಡಗಳಿಗೆ ಮೊದಲ ಧ್ವನಿವರ್ಧಕವಾಯಿತು. ಅಲ್ಲಿ ಹಾಡಬೇಕಾದರೆ ಧ್ವನಿಪರೀಕ್ಷೆಯಲ್ಲಿ ತೇರ್ಗಡೆಯಾಗಿ ಒಂದು ಶ್ರೇಣಿಯನ್ನು ಪಡೆಯಬೇಕು. ಕರೆ ಬಂದಾಗ ಒಪ್ಪಂದಪತ್ರ ಕೈಸೇರುತ್ತದೆ. ದಿನಾಂಕ, ಅವಧಿ, ಸಂಭಾವನೆ ಎಲ್ಲವೂ ಅದರಲ್ಲಿರುತ್ತವೆ. ಆ ಬೆಳಿಗ್ಗೆ ಹತ್ತು ಮನೆಗಳಲ್ಲಿ ರೇಡಿಯೊ ಹಾಕಿದ್ದರೋ ಹತ್ತು ಸಾವಿರ ಮನೆಗಳಲ್ಲಿ ಹಾಕಿದ್ದರೋ ಸಂಭಾವನೆ ಬದಲಾಗುವುದಿಲ್ಲ. ಈ ವ್ಯವಸ್ಥೆಯನ್ನು ಹೊಗಳಿ ಅಟ್ಟಕ್ಕೇರಿಸುವುದು ನನ್ನ ಉದ್ದೇಶವಲ್ಲ. ಧ್ವನಿಪರೀಕ್ಷೆಯ ಬಾಗಿಲಲ್ಲಿ ನಿಂತು ಹಿಂದಿರುಗಿದವರೂ ಇದ್ದಾರೆ, ಅವಕಾಶಕ್ಕಾಗಿ ಬಹುಕಾಲ ಕಾದವರೂ ಇದ್ದಾರೆ. ಆದರೆ ಹಾಡುವ ಮುನ್ನ ತನ್ನ ಶ್ರಮದ ಬೆಲೆಯೇನೆಂದು ಕಲಾವಿದನಿಗೆ ಗೊತ್ತಿರುತ್ತಿತ್ತು.

ಭದ್ರಾವತಿ ಕಾರ್ಖಾನೆಗಳ ಊರು. ಕಬ್ಬಿಣದ ಕಾರ್ಖಾನೆಯಲ್ಲಿ, ಕಾಗದದ ಕಾರ್ಖಾನೆಯಲ್ಲಿ ದುಡಿದ ತಲೆಮಾರುಗಳಿಗೆ ಕೂಲಿಯ ಬಗೆಗಳನ್ನು ವಿವರಿಸಬೇಕಾಗಿಲ್ಲ. ತಿಂಗಳ ಸಂಬಳವಿಲ್ಲದೆ ಮಾಡಿದ ಕೆಲಸವನ್ನು ಎಣಿಸಿ ಕೂಲಿ ಪಡೆಯುವವನಿಗೂ ಒಂದಕ್ಕೆ ಎಷ್ಟು ಎಂಬುದು ಕೆಲಸಕ್ಕೆ ಕೈಹಚ್ಚುವ ಮೊದಲೇ ತಿಳಿದಿರುತ್ತದೆ. ಅಂತರಜಾಲದ ಗಾಯಕನಿಗೆ ಆ ಅರಿವೂ ಇಲ್ಲ. ಒಂದು ಶ್ರವಣದ ದರ ಆ ತಿಂಗಳ ಆದಾಯ, ಆ ತಿಂಗಳ ಒಟ್ಟು ಶ್ರವಣ, ಕೇಳುಗನ ದೇಶ, ಅವನು ಚಂದಾದಾರನೋ ಜಾಹೀರಾತಿನ ನಡುವೆ ಉಚಿತವಾಗಿ ಕೇಳುವವನೋ ಎಂಬುದನ್ನೆಲ್ಲ ಅವಲಂಬಿಸಿ ಕೊನೆಗೆ ಗೊತ್ತಾಗುವಂಥದು.

ಧ್ವನಿಸುರುಳಿಯ ಕಾಲ ನ್ಯಾಯವಾಗಿತ್ತೇ ಎಂದು ಕೇಳಬಹುದು. ಶಿವಮೊಗ್ಗದ ಸಹ್ಯಾದ್ರಿ ಕಾಲೇಜಿನಲ್ಲಿ ಅಧ್ಯಾಪಕರಾಗಿದ್ದ ಕೆ.ಎಸ್. ನಿಸಾರ್ ಅಹಮದರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿಯವರು ಸ್ವರ ಹೊಂದಿಸಿದ 'ನಿತ್ಯೋತ್ಸವ' 1978ರಲ್ಲಿ ಹೊರಬಂದಾಗ ಭಾವಗೀತೆ ಮನೆಮನೆಯ ಸೊತ್ತಾಯಿತು. ಆ ಬಳಿಕದ ದಶಕಗಳಲ್ಲಿ ಧ್ವನಿಸುರುಳಿಗಳು ಅಪಾರವಾಗಿ ಬಂದವು, ಅವುಗಳ ಕಳ್ಳಪ್ರತಿಗಳು ಇನ್ನೂ ಅಪಾರವಾಗಿ ಬಂದವು. ಒಮ್ಮೆ ಇಡಿಗಂಟು ಕೊಟ್ಟು ಹಕ್ಕನ್ನೆಲ್ಲ ಬರೆಸಿಕೊಳ್ಳುವ ಪದ್ಧತಿ ಆಗ ಸಾಮಾನ್ಯವಾಗಿತ್ತು. 2012ರಲ್ಲಿ ಹಕ್ಕುಸ್ವಾಮ್ಯ ಕಾಯಿದೆಗೆ ತಿದ್ದುಪಡಿಯಾದ ಮೇಲೆ ಗೀತರಚನಕಾರರೂ ಸಂಯೋಜಕರೂ ರಾಯಧನದಲ್ಲಿ ತಮಗೆ ಸಲ್ಲಬೇಕಾದ ಸಮಪಾಲನ್ನು ಪ್ರಕಾಶನ ಸಂಸ್ಥೆಗೆ ಬರೆದುಕೊಡುವಂತೆಯೇ ಇಲ್ಲ. ಗಾಯಕರಿಗೂ ತಮ್ಮ ಗಾಯನದ ವಾಣಿಜ್ಯ ಬಳಕೆಯಲ್ಲಿ ರಾಯಧನದ ಹಕ್ಕು ದೊರೆಯಿತು. ಹಕ್ಕು ಕಾಗದದ ಮೇಲೆ ಚೆನ್ನಾಗಿಯೇ ಇದೆ. ಅದನ್ನು ವಸೂಲು ಮಾಡಬೇಕಾದರೆ ಇಂಡಿಯನ್ ಪರ್ಫಾರ್ಮಿಂಗ್ ರೈಟ್ ಸೊಸೈಟಿಯಂಥ ಸಂಘದಲ್ಲಿ ಸದಸ್ಯತ್ವ ಬೇಕು, ಪ್ರತಿ ಹಾಡನ್ನೂ ರಚನಕಾರರ ಹೆಸರಿನೊಡನೆ ನೋಂದಾಯಿಸಬೇಕು. ಸಣ್ಣ ಊರುಗಳ ಕವಿ, ಗಾಯಕರಲ್ಲಿ ಇಷ್ಟು ಮಾಡಿದವರು ವಿರಳವೆಂದೇ ನನ್ನ ಅನಿಸಿಕೆ.

ಹೆಸರಿನ ಮಾತು ಬಂದುದರಿಂದ ಇದನ್ನೂ ಹೇಳಬೇಕು. ನಮ್ಮ ಜಿಲ್ಲೆಯ ಶಿವಮೊಗ್ಗ ಸುಬ್ಬಣ್ಣನವರಿಗೆ ರಾಷ್ಟ್ರಪ್ರಶಸ್ತಿ ತಂದ 'ಕಾಡುಕುದುರೆ' ಚಿತ್ರದ ಗೀತೆಯನ್ನು ಚಂದ್ರಶೇಖರ ಕಂಬಾರರ ಹೆಸರಿಲ್ಲದೆ ನೆನೆಯುವ ಕನ್ನಡಿಗನಿಲ್ಲ. ಭಾವಗೀತೆಯನ್ನು ಕೇಳಿದ ಕೂಡಲೇ 'ಇದು ಯಾರ ಕವಿತೆ?' ಎಂದು ವಿಚಾರಿಸುವುದು ನಮ್ಮ ಸಂಸ್ಕಾರ. ವೇದಿಕೆಗಳ ಮುಖಪರದೆಯ ಮೇಲೆ ಮಾತ್ರ ಕವಿಗೆ ಜಾಗವಿಲ್ಲ. ಆ ಹೆಸರನ್ನು ಬಯಸುವವನು ಒಳಗೆ ಹೊಕ್ಕು ಹುಡುಕಬೇಕು, ಅಲ್ಲಿಯೂ ಅದು ಇರಬಹುದು, ಇಲ್ಲದಿರಬಹುದು. ಹೆಸರು ತಪ್ಪಿದಲ್ಲಿ ಹಣವೂ ತಪ್ಪುತ್ತದೆ.

ವೇದಿಕೆಗಳ ಪರವಾಗಿ ಹೇಳಬಹುದಾದುದನ್ನು ಹೇಳದಿದ್ದರೆ ವಿಮರ್ಶೆ ಅಪೂರ್ಣ. ಧ್ವನಿಪರೀಕ್ಷೆಯಿಲ್ಲದೆ, ಬೆಂಗಳೂರಿನ ಕಂಪನಿಗಳ ಮೆಟ್ಟಿಲು ಹತ್ತದೆ, ತೀರ್ಥಹಳ್ಳಿಯ ಹುಡುಗಿಯೊಬ್ಬಳು ತನ್ನ ಹಾಡನ್ನು ಅಮೆರಿಕದ ಕನ್ನಡ ಕುಟುಂಬಕ್ಕೆ ಮುಟ್ಟಿಸಬಲ್ಲಳು. ಹಿಂದೆ ಇದು ಕನಸು. ಹಾಡು ಮುಟ್ಟಿದ್ದರಿಂದ ಕಾರ್ಯಕ್ರಮಗಳಿಗೆ ಆಹ್ವಾನ ಬಂದು ಬದುಕು ಹಸನಾದವರೂ ಇರಬಹುದು. ಆದರೆ ಬಾಗಿಲು ತೆರೆದ ಉಪಕಾರಕ್ಕೆ ಪ್ರತಿಯಾಗಿ ಒಳಗೆ ಮಾಡಿದ ಕೆಲಸದ ಕೂಲಿಯನ್ನು ಮರೆತುಬಿಡಬೇಕೆಂದರೆ ಹೇಗೆ?

ನಮ್ಮ ಧರ್ಮಕೇಂದ್ರಗಳಿಗೂ ಈ ವಿಷಯ ದೂರದ್ದಲ್ಲ. ಗಾಯನವೃಂದಗಳು ಭಕ್ತಿಗೀತೆಗಳನ್ನು ಧ್ವನಿಮುದ್ರಿಸಿ ಯೂಟ್ಯೂಬಿನಲ್ಲಿ ಹಾಕುವುದು ಈಗ ರೂಢಿ. ಅಲ್ಲಿ ಜಾಹೀರಾತಿನ ಆದಾಯದಲ್ಲಿ ಪಾಲು ಬೇಕಿದ್ದರೆ ಸಾಮಾನ್ಯವಾಗಿ 1000 ಚಂದಾದಾರರೂ ವರ್ಷದಲ್ಲಿ 4000 ಗಂಟೆಗಳ ವೀಕ್ಷಣೆಯೂ ಇರಬೇಕು. ಅಷ್ಟಿಲ್ಲದ ಚಾನೆಲ್ಲುಗಳ ಮೇಲೂ ಜಾಹೀರಾತು ಹಾಕಿ ಏನನ್ನೂ ಹಂಚದಿರುವ ಹಕ್ಕನ್ನು ಸಂಸ್ಥೆ 2020ರ ಕೊನೆಯಲ್ಲಿ ಅಮೆರಿಕದಲ್ಲಿ, 2021ರಲ್ಲಿ ಇತರ ದೇಶಗಳಲ್ಲಿ ತನ್ನದಾಗಿಸಿಕೊಂಡಿತು. ಬಲಿಪೂಜೆಯಲ್ಲಿ ಹಾಡುವುದಕ್ಕೆ ಯಾರ ಅನುಮತಿಯೂ ಬೇಡ. ನಿಜವಾದ ಧಾರ್ಮಿಕ ವಿಧಿಗಳಲ್ಲಿ ಹಾಡುವುದಕ್ಕೆ ಹಕ್ಕುಸ್ವಾಮ್ಯ ಕಾಯಿದೆಯೇ ವಿನಾಯಿತಿ ಕೊಟ್ಟಿದೆ. ಅದೇ ಹಾಡನ್ನು ಮುದ್ರಿಸಿ ಅಂತರಜಾಲಕ್ಕೆ ಏರಿಸಿದಾಗ ಆ ವಿನಾಯಿತಿಯನ್ನು ನೆಚ್ಚುವಂತಿಲ್ಲ, ರಚನಕಾರನ ಒಪ್ಪಿಗೆ ಬೇಕು. ನಮ್ಮಲ್ಲಿ ಎಷ್ಟು ಮಂದಿ ಕೇಳುತ್ತೇವೆ? ಸ್ಟುಡಿಯೊದ ಬಾಡಿಗೆ ಕೊಡುತ್ತೇವೆ, ಕೀಬೋರ್ಡ್ ನುಡಿಸಿದವರಿಗೆ ಕೊಡುತ್ತೇವೆ. ಹಾಡು ಬರೆದವರಿಗೆ, ಸ್ವರ ಹಾಕಿದವರಿಗೆ 'ದೇವರ ಸೇವೆ' ಎಂದು ಹೇಳಿ ಒಂದು ಶಾಲು ಹೊದಿಸುತ್ತೇವೆ. ವಾರ್ಷಿಕೋತ್ಸವಕ್ಕೆ ಕರೆದ ಯುವ ಗಾಯಕನಿಗೆ 'ನಾಲ್ಕು ಜನ ಗುರುತಿಸುತ್ತಾರೆ' ಎನ್ನುವುದಕ್ಕೂ ವೇದಿಕೆಗಳು 'ಪ್ರಚಾರ ಸಿಗುತ್ತದೆ' ಎನ್ನುವುದಕ್ಕೂ ಹೆಚ್ಚು ಅಂತರವಿಲ್ಲ. ಸೇವೆಯೆಂದು ಕೊಡುವ ಸ್ವಾತಂತ್ರ್ಯ ಕೊಡುವವನದು, ಅದನ್ನು ಪಡೆಯುವವರು ಅವನ ಪರವಾಗಿ ಘೋಷಿಸುವಂಥದಲ್ಲ.

ಪೋಪ್ ಹದಿಮೂರನೆಯ ಲಿಯೋ 1891ರಲ್ಲಿ ಹೊರಡಿಸಿದ 'ರೇರುಮ್ ನೊವಾರುಮ್' ವಿಶ್ವಪರಿಪತ್ರದಲ್ಲಿ ಕೂಲಿಯ ಬಗೆಗೆ ಒಂದು ಮುಖ್ಯ ವಿಚಾರವಿದೆ: ಕಾರ್ಮಿಕ ಒಪ್ಪಿದ ಮಾತ್ರಕ್ಕೆ ಕೂಲಿ ನ್ಯಾಯವಾಗುವುದಿಲ್ಲ, ಬೇರೆ ದಾರಿಯಿಲ್ಲದೆ ಒಪ್ಪಿದ್ದು ಬಲವಂತವೇ. ಅಂದು ಲೇಖನಿಯಿಂದ ಹಾಕುತ್ತಿದ್ದ ರುಜುವಿನ ಸ್ಥಾನದಲ್ಲಿ ಇಂದು 'ಒಪ್ಪುತ್ತೇನೆ' ಎಂಬ ಗುಂಡಿಯಿದೆ. ಅದನ್ನು ಒತ್ತದವನ ಹಾಡು ಎಲ್ಲಿಯೂ ಕೇಳಿಸದು.

ಬೇರೆ ದಾರಿಗಳೇ ಇಲ್ಲವೆಂದಲ್ಲ. ಸೌಂಡ್‌ಕ್ಲೌಡ್ ಸಂಸ್ಥೆ 2021ರಲ್ಲಿ ಪ್ರತಿಯೊಬ್ಬ ಕೇಳುಗನ ಹಣವನ್ನು ಅವನು ಕೇಳಿದ ಕಲಾವಿದರಿಗೇ ಹಂಚುವ ಕ್ರಮವನ್ನು ಸ್ವತಂತ್ರ ಸಂಗೀತಗಾರರಿಗಾಗಿ ಆರಂಭಿಸಿತು. ಮೇಲಿನ ಲೆಕ್ಕದ ಗಾಯಕಿಗೆ ಅಲ್ಲಿ 70 ರೂಪಾಯಿಯೂ ಸಿಗಬೇಕು. ಬ್ಯಾಂಡ್‌ಕ್ಯಾಂಪ್‌ನಲ್ಲಿ ಕೇಳುಗ ಹಾಡನ್ನು ನೇರವಾಗಿ ಕೊಳ್ಳುತ್ತಾನೆ, ಬೆಲೆಯ ಬಹುಪಾಲು ಹಾಡಿದವರಿಗೆ ಹೋಗುತ್ತದೆ. ನಮ್ಮ ಭಾವಗೀತೆಯ ಕೇಳುಗರು ಈ ಎರಡೂ ಕಡೆ ಕಾಣುವುದು ಅಪರೂಪ. ಸರಕಾರ ದರ ನಿಗದಿ ಮಾಡಲೆಂದರೆ ಅದಕ್ಕೂ ತೊಡಕಿದೆ. ಪ್ರಸಾರಸಂಸ್ಥೆಗಳಿಗೆ ಶಾಸನಬದ್ಧ ದರದಲ್ಲಿ ಪರವಾನಗಿ ಕೊಡಿಸುವ ಕಾಯಿದೆಯ 31-ಡಿ ವಿಧಿ ಅಂತರಜಾಲದ ವೇದಿಕೆಗಳಿಗೆ ಅನ್ವಯಿಸದೆಂದು ಮುಂಬಯಿ ಉಚ್ಚ ನ್ಯಾಯಾಲಯ 2019ರಲ್ಲಿ ತೀರ್ಪಿತ್ತಿತು. ಟಿಪ್ಸ್ ಎಂಬ ಧ್ವನಿಮುದ್ರಣ ಸಂಸ್ಥೆಗೂ ವಿಂಕ್‌ಗೂ ನಡೆದ ವ್ಯಾಜ್ಯವದು. ಹೀಗಾಗಿ ದರವನ್ನು ವೇದಿಕೆಗಳೂ ಹಾಡುಗಳ ದೊಡ್ಡ ಒಡೆಯರೂ ಎದುರುಬದುರು ಕುಳಿತು ಚೌಕಾಸಿಯಿಂದಲೇ ತೀರ್ಮಾನಿಸುತ್ತಾರೆ. ಆ ಮೇಜಿನ ಬಳಿ ಹೊಸಹಳ್ಳಿಯ ಗಮಕಿಗಾಗಲಿ, ಭದ್ರಾವತಿಯ ಗಾಯಕಿಗಾಗಲಿ ಕುರ್ಚಿ ಹಾಕಿಲ್ಲ.