ಆರೂವರೆಯ ಸುತ್ತೋಲೆ

ಮೈಸೂರಿನವರಿಗೆ ಚಾಮುಂಡಿ ಬೆಟ್ಟ ಅಂದ್ರೆ ಮನೆ ಹಿತ್ತಿಲಿದ್ದ ಹಾಗೆ. ಸಂಜೆ ಗಾಳಿಗೆ ಅಂತ ಅಲ್ಲಿಗೆ ಹೋಗದವರು ಯಾರಿದ್ದಾರೆ? 2021ರ ಆಗಸ್ಟ್ 24ರ ಸಂಜೆ ಅದೇ ಬೆಟ್ಟದ ತಪ್ಪಲಲ್ಲಿ, ಲಲಿತಾದ್ರಿಪುರದ ಹತ್ತಿರ, ಒಬ್ಬ ವಿದ್ಯಾರ್ಥಿನಿಯ ಮೇಲೆ ಸಾಮೂಹಿಕ ಅತ್ಯಾಚಾರ ನಡೆಯಿತು. ಜೊತೆಗಿದ್ದ ಗೆಳೆಯನಿಗೂ ಏಟು ಬಿತ್ತು.

ಸುದ್ದಿ ಓದಿದಾಗ ನನ್ನ ಬಾಯಿಂದ ಬಂದ ಮೊದಲ ಮಾತು, "ಆ ಹೊತ್ತಲ್ಲಿ ಅಲ್ಲಿಗ್ಯಾಕೆ ಹೋದ್ರೋ!" ಮರುದಿನಗಳಲ್ಲಿ ಆಗಿನ ಗೃಹಸಚಿವ ಆರಗ ಜ್ಞಾನೇಂದ್ರ ಅವರೂ ಅದನ್ನೇ ಅಂದರು: ನಿರ್ಜನ ಜಾಗ, ಹೋಗಬಾರದಿತ್ತು. ಅವರನ್ನು ಬೈಯಲು ಹೊರಟ ನಾನು ಅರ್ಧಕ್ಕೇ ನಿಂತೆ. ಒಂದೇ ವ್ಯತ್ಯಾಸ, ಆ ಜಾಗದ ಗಸ್ತಿಗೆ ಉತ್ತರ ಹೇಳಬೇಕಾದ ಇಲಾಖೆ ಅವರ ಕೈಯಲ್ಲಿತ್ತು.

ಅದೇ ವಾರ ಮೈಸೂರು ವಿಶ್ವವಿದ್ಯಾನಿಲಯದಿಂದ ಸುತ್ತೋಲೆ ಬಂತು. ಸಂಜೆ 6.30ರ ನಂತರ ವಿದ್ಯಾರ್ಥಿನಿಯರು ಮಾನಸಗಂಗೋತ್ರಿಯ ನಿರ್ಜನ ಜಾಗಗಳಲ್ಲಿ ಓಡಾಡಬಾರದು, ಕುಕ್ಕರಹಳ್ಳಿ ಕೆರೆಗೂ ಹೋಗಬಾರದು. ಅಪರಾಧ ನಡೆದದ್ದು ಕ್ಯಾಂಪಸ್ಸಿನಲ್ಲಲ್ಲ. ಪೊಲೀಸರು ಬಂಧಿಸಿದ್ದು ತಮಿಳುನಾಡಿನಿಂದ ಬಂದಿದ್ದ ಕೂಲಿಗಳನ್ನು. ಏಟು ತಿಂದವರಲ್ಲಿ ಹುಡುಗನೂ ಇದ್ದ. ಆದರೂ ಗಡಿಯಾರ ಕಟ್ಟಿದ್ದು ಹುಡುಗಿಯರ ಕೈಗೆ ಮಾತ್ರ.

ಇನ್ನೊಂದು ನೆನಪು. 2020ರ ಜೂನ್‌ನಲ್ಲಿ ನಮ್ಮ ಹೈಕೋರ್ಟಿನ ಜಾಮೀನು ಆದೇಶವೊಂದರಲ್ಲಿ, ಅತ್ಯಾಚಾರದ ನಂತರ ದಣಿದು ನಿದ್ದೆ ಹೋದೆ ಅಂದ ಹೆಣ್ಣುಮಗಳ ಬಗ್ಗೆ, ಇದು ಭಾರತೀಯ ಹೆಣ್ಣಿಗೆ ತಕ್ಕುದಲ್ಲ ಎಂಬರ್ಥದ ಸಾಲಿತ್ತು. ಅಂದ್ರೆ ಹೋಗಿದ್ದೂ ತಪ್ಪು, ಆಮೇಲೆ ಮಲಗಿದ್ದೂ ತಪ್ಪು!

ಆದೇಶದ ಆ ಸಾಲನ್ನು ಆಮೇಲೆ ತೆಗೆದರು. ಸಚಿವರು ಮಾತು ಹಿಂತೆಗೆದುಕೊಂಡರು. ಸುತ್ತೋಲೆಯೂ ವಾಪಸ್ಸಾಯಿತು. ನಮ್ಮೊಳಗಿನದು ಮಾತ್ರ ಹಾಗೇ ಇದೆ. ಯಾಕಂದ್ರೆ ಅದರಲ್ಲಿ ನಮಗೊಂದು ಸಮಾಧಾನವಿದೆ. ಅವಳು ತಪ್ಪು ಮಾಡಿದಳು ಅಂದುಕೊಂಡರೆ, ತಪ್ಪು ಮಾಡದ ನಮ್ಮನೆ ಹುಡುಗಿಗೆ ಏನೂ ಆಗಲ್ಲ ಅಂತ ನಂಬಿ ನಿದ್ದೆ ಮಾಡಬಹುದು. ನಮ್ಮ ಆ ನಿದ್ದೆಯ ಬೆಲೆಯನ್ನು ತೆರುವವಳು ಅವಳು. ಪೊಲೀಸ್ ಠಾಣೆಗೆ ಹೋಗುವ ಮುಂಚೆ ಅವಳು ಎದುರಿಸಬೇಕಾದದ್ದು ನಮ್ಮ "ಯಾಕೆ ಹೋದೆ?"ಯನ್ನು. ಅದಕ್ಕೆ ಹೆದರಿಯೇ ಎಷ್ಟೋ ಜನ ಬಾಯಿ ಬಿಡೋದಿಲ್ಲ.

ಮೊನ್ನೆ ತಂಗಿ ಲೈಬ್ರರಿಯಿಂದ ಎಂಟೂವರೆಗೆ ಮನೆಗೆ ಬಂದಳು. "ಇಷ್ಟೊತ್ತು ಯಾಕೆ?" ಅನ್ನೋದು ನಾಲಿಗೆ ತುದಿಗೆ ಬಂದಿತ್ತು. ನುಂಗಿಕೊಂಡು, "ದಾರೀಲಿ ಬೀದಿದೀಪ ಉರೀತಿತ್ತಾ?" ಅಂತ ಕೇಳಿದೆ.

"ಇಲ್ಲ," ಅಂದಳು. ಹಾಗಾದ್ರೆ ದೂರು ಕೊಡಬೇಕಾದದ್ದು ಎಲ್ಲಿಗೆ ಅನ್ನೋದು ಗೊತ್ತಾಯ್ತು.