ಅಳಿಯನ ಕರಿಜ್ಮಾ: ಒಂದು ವಿಮರ್ಶೆ

ಕಾವ್ಯಕ್ಕೆ ವಿಮರ್ಶೆಯುಂಟು, ಯಕ್ಷಗಾನಕ್ಕೂ ಶಿಲ್ಪಕ್ಕೂ ಉಂಟು. ಆದರೆ ಗುಜರಿಗೆ ಸೇರಬೇಕಾಗಿದ್ದ ಮೋಟಾರ್ ಸೈಕಲ್ಲೊಂದನ್ನು ಎತ್ತಿ ತಂದು, ಅದಕ್ಕೆ ಮತ್ತೆ ಉಸಿರು ಕೊಟ್ಟು, ಬಳಿಕ ಮನಸ್ಸಿಗೆ ಬಂದಂತೆ ಸಿಂಗರಿಸುವ ಕೌಶಲಕ್ಕೆ ಹಿರಿಯರಿಂದ ಬೈಗುಳವೂ ಓರಗೆಯವರಿಂದ ಚಪ್ಪಾಳೆಯೂ ದೊರೆಯುತ್ತವೆಯೇ ಹೊರತು ವಿವೇಚನೆ ದೊರೆತುದನ್ನು ನಾನು ಕಾಣೆ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ನಡುವಣ ಸೀಮೆಯಲ್ಲಿ ಈ ಗೀಳಿಗೆ ಬಿದ್ದ ತರುಣರು ಕಡಮೆಯಿಲ್ಲ. ನನ್ನ ತಂಗಿಯ ಮಗ, ಎಂದರೆ ನಮ್ಮ ಕಡೆಯ ಗೌರವದ ಮಾತಿನಲ್ಲಿ ಅಳಿಯ, ಅವರಲ್ಲೊಬ್ಬನಾದುದರಿಂದ ಇಂಥ ಒಂದು ಕೃತಿಯನ್ನು ಆದ್ಯಂತವಾಗಿ ಅವಲೋಕಿಸುವ ಯೋಗ ನನಗೊದಗಿತು.

ಕೃತಿಯ ಮೂಲಪಾಠ ಹೀರೋ ಹೋಂಡಾ ಕರಿಜ್ಮಾ. 2003ರಲ್ಲಿ ಮೊದಲು ಮಾರುಕಟ್ಟೆಗೆ ಬಂದ, 223 ಸಿ.ಸಿ.ಯ, ಒಂಟಿ ಸಿಲಿಂಡರಿನ ಈ ವಾಹನ, ನೂರು ಸಿ.ಸಿ.ಯ ಮಿತವ್ಯಯವನ್ನೇ ಧರ್ಮವೆಂದು ನಂಬಿದ್ದ ದೇಶಕ್ಕೆ ದೂರಪ್ರಯಾಣದ ವೇಗವನ್ನು ಅಭ್ಯಾಸ ಮಾಡಿಸಿತು. ಅದಕ್ಕೂ ಹಿಂದಿನ ತಲೆಮಾರಿಗೆ ಯಮಹಾ ಆರ್‌ಎಕ್ಸ್ 100 ಇತ್ತು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಬಾಗಿಲು ಮುಚ್ಚುವವರೆಗೆ ಯೆಜ್ಡಿಯೂ ಇತ್ತು. ಅವುಗಳಿಗೆಲ್ಲ ಈಗ ಪುರಾಣಪುರುಷರ ಬೆಲೆ ಬಂದಿರುವುದರಿಂದ ಕಿಸೆ ಹಗುರವಾಗಿರುವ ಹುಡುಗರು ಕರಿಜ್ಮಾದತ್ತ ತಿರುಗಿದ್ದಾರೆ.

ಅಳಿಯನ ಗಾಡಿ ಗುರುವಾಯನಕೆರೆಯ ಬಳಿಯ ಮನೆಯೊಂದರ ಹಟ್ಟಿಯಲ್ಲಿ, ಅಡಕೆ ಸಿಪ್ಪೆಯ ಗೋಣಿಗಳಿಗೆ ಒರಗಿಕೊಂಡು ಮೂರು ಮಳೆಗಾಲಗಳನ್ನು ಕಳೆದಿತ್ತು. ನಮ್ಮ ಕರಾವಳಿಯ ತೇವದಲ್ಲಿ ನಿಂತ ಯಂತ್ರಕ್ಕೆ ಓಡಿದ ಯಂತ್ರಕ್ಕಿಂತ ಬೇಗ ಮುಪ್ಪು ಬರುತ್ತದೆ. ಟ್ಯಾಂಕಿನ ಒಳಮೈಗೆ ತುಕ್ಕು ಹತ್ತಿತ್ತು. ಉಳಿದಿದ್ದ ಪೆಟ್ರೋಲು ಕಾರ್ಬ್ಯುರೇಟರಿನ ತಳದಲ್ಲಿ ಹಲಸಿನ ಮೇಣದಂತೆ ಅಂಟಿತ್ತು. ಈಗಿನ ಪೆಟ್ರೋಲಿನಲ್ಲಿ ನೂರಕ್ಕೆ 20 ಪಾಲು ಎಥನಾಲ್ ಬೆರೆತಿರುವುದೂ, ಆ ಎಥನಾಲ್ ನೀರನ್ನು ಸೆಳೆದುಕೊಳ್ಳುವ ಸ್ವಭಾವದ್ದಾಗಿರುವುದೂ ಇಂಥ ಹಳೆಯ ಗಾಡಿಗಳ ಪಾಲಿಗೆ ಹೊಸದೊಂದು ಕಂಟಕ.

ಬಿ.ಸಿ.ರೋಡಿನ ಮೆಕ್ಯಾನಿಕ್ಕರ ಮುಂದೆ ಅದನ್ನು ನಿಲ್ಲಿಸಿದಾಗ ಅವರು, “ಇದಕ್ಕೆ ಅರ್ಜೆಂಟ್ ಮಾಡಿದರೆ ಆಗ್ಲಿಕ್ಕಿಲ್ಲ ಮಾರಾಯ್ರೆ” ಎಂದು ನನ್ನ ಕಡೆ ನೋಡಿ ಹೇಳಿದರು, ಮಾತು ಅಳಿಯನಿಗೆ. ಕಾರ್ಬ್ಯುರೇಟರನ್ನು ಬಿಚ್ಚಿ, ಕೂದಲೆಳೆಯಷ್ಟು ಸಣ್ಣ ರಂಧ್ರವಿರುವ ಸ್ಲೋ ಜೆಟ್ಟನ್ನು ಬೆಳಕಿಗೆ ಹಿಡಿದು ನೋಡಿ, ಅದು ಪೂರ್ಣವಾಗಿ ಕಟ್ಟಿಹೋಗಿರುವುದನ್ನು ತೋರಿಸಿದರು. ಚೋಕ್ ಎಳೆದರೆ ಮಾತ್ರ ಸ್ಟಾರ್ಟಾಗಿ, ಬಿಟ್ಟೊಡನೆ ನಿಲ್ಲುತ್ತಿದ್ದುದರ ಕಾರಣ ಇದೇ. ಅದನ್ನು ತೊಳೆದು, ಗಾಳಿ ಹೊಡೆದು ಕೂಡಿಸಿದ ಮೇಲೆ ಎಂಜಿನು ಸ್ಲೋ ಸ್ಪೀಡಿನಲ್ಲಿ ಸಮವಾಗಿ ಮಿಡಿಯತೊಡಗಿತು. ಅಳಿಯ ಕುಣಿದಾಡಿದ. ಆದರೆ ರಸ್ತೆಗಿಳಿದಾಗ, ಅರ್ಧ ಆಕ್ಸಿಲರೇಟರಿನವರೆಗೆ ಏರಿದ ವೇಗ ಅಲ್ಲಿಂದ ಮುಂದೆ ಏರಲೊಲ್ಲದು.

ಈ ಘಟ್ಟದಲ್ಲಿಯೇ ಕೈಕೆಲಸದವನಿಗೂ ಕಲೆಗಾರನಿಗೂ ಇರುವ ಅಂತರ ತಿಳಿಯುವುದು. ಅವಸರದವನಾಗಿದ್ದರೆ ದೊಡ್ಡ ಜೆಟ್ಟು ಹಾಕುತ್ತಿದ್ದ, ಇಲ್ಲವೆ ಬೇರೆ ಯಾವುದೋ ಗಾಡಿಯ ಕಾರ್ಬ್ಯುರೇಟರನ್ನೇ ತಂದು ಕೂಡಿಸುತ್ತಿದ್ದ. ಇವರು ಮೇಲಿನ ಮುಚ್ಚಳ ತೆಗೆದು, ಅಂಗೈಯಗಲವೂ ಇಲ್ಲದ ಕಪ್ಪು ರಬ್ಬರಿನ ಡಯಾಫ್ರಾಮನ್ನು ಹಿಗ್ಗಿಸಿ ಬಲ್ಬಿನ ಎದುರು ಹಿಡಿದರು; ಸೂಜಿಮೊನೆಯಷ್ಟು ಬೆಳಕು ಅದರೊಳಗಿಂದ ಇಣುಕಿತು. ಈ ಜಾತಿಯ ಕಾರ್ಬ್ಯುರೇಟರಿನಲ್ಲಿ ನಾವು ತಿರುಗಿಸುವ ಆಕ್ಸಿಲರೇಟರು ಪೆಟ್ರೋಲಿನ ಸೂಜಿಯನ್ನು ನೇರವಾಗಿ ಎತ್ತುವುದಿಲ್ಲ; ಎಂಜಿನು ಗಾಳಿಯನ್ನು ಹೀರುವಾಗ ಹುಟ್ಟುವ ನಿರ್ವಾತವು ಆ ಡಯಾಫ್ರಾಮನ್ನು ಮೇಲೆಳೆದು, ಅದರೊಡನೆ ಸೂಜಿಯೂ ಏರಿ, ಎಷ್ಟು ಗಾಳಿಯೋ ಅದಕ್ಕೆ ತಕ್ಕಷ್ಟು ಪೆಟ್ರೋಲು ಒಳಸೇರುತ್ತದೆ. ಸವಾರನದು ಕೋರಿಕೆ ಮಾತ್ರ, ಅನುಗ್ರಹ ಎಂಜಿನಿನದು. ಪಟಲ ತೂತಾದರೆ ನಿರ್ವಾತ ಸೋರಿ, ಸೂಜಿ ಅರ್ಧದಲ್ಲೇ ನಿಲ್ಲುತ್ತದೆ. ಹೊಸ ಡಯಾಫ್ರಾಮು ಬಂದ ಮೇಲೆ ಚಾರ್ಮಾಡಿ ಘಾಟಿಯನ್ನೇರಿ ಪರೀಕ್ಷೆಯಾಯಿತು. ಸಮುದ್ರಮಟ್ಟಕ್ಕೆ ಸಮೀಪದ ನೆಲದಿಂದ ಸಾವಿರ ಮೀಟರಿನ ಆಸುಪಾಸಿನ ಕೊಟ್ಟಿಗೆಹಾರಕ್ಕೆ, ತಿರುವಿನ ಮೇಲೆ ತಿರುವು ಹತ್ತುತ್ತ ಗಾಳಿ ತೆಳ್ಳಗಾಗುವ ಆ ದಾರಿಯಲ್ಲಿ ಗಾಡಿ ಎಲ್ಲಿಯೂ ಮುಗ್ಗರಿಸಲಿಲ್ಲ. ಇಳಿದು ಬಂದು ಸ್ಪಾರ್ಕ್ ಪ್ಲಗ್ ಬಿಚ್ಚಿದರೆ ಅದರ ತುದಿ ತಿಳಿಕಂದಾಗಿತ್ತು. ಮಸಿಯೂ ಇಲ್ಲ, ಬಿಳುಪೂ ಇಲ್ಲ. ಕೃತಿಯ ಪೂರ್ವಾರ್ಧ, ನಿಸ್ಸಂಶಯವಾಗಿ, ಉತ್ತಮ.

ಉತ್ತರಾರ್ಧದ ಕುರಿತು ಅಷ್ಟು ಧೈರ್ಯದಿಂದ ಹೇಳಲಾರೆ. ಅಲಂಕಾರ ಬೇಡವೆನ್ನುವ ಶುಷ್ಕಪಂಡಿತ ನಾನಲ್ಲ. ಮೂಡುಬಿದಿರೆಯಲ್ಲಿ 1430ರಲ್ಲಿ ಎದ್ದ ಸಾವಿರ ಕಂಬದ ಬಸದಿಯ ಅಂಗಳದಲ್ಲಿ ನಿಂತವರಿಗೆ ಅಲಂಕಾರದ ನ್ಯಾಯ ತಾನೇ ತಿಳಿಯುತ್ತದೆ: ಅಲ್ಲಿ ಬಗೆಬಗೆಯಾಗಿ ಕೆತ್ತಿಸಿಕೊಂಡ ಕಂಬ ಮಾಡನ್ನು ಹೊತ್ತ ಕಂಬವೇ, ಅಷ್ಟು ಚೆಲುವಾದ ಇಳಿಜಾರು ಮಾಡು ನಮ್ಮ ಮಳೆಯನ್ನು ಆಚೆಗೆ ಚೆಲ್ಲುವ ಮಾಡೇ. ಕ್ಷೇಮೇಂದ್ರ ಔಚಿತ್ಯವೆಂದು ಕರೆದುದು ಇದಕ್ಕಿಂತ ಬೇರೆಯಲ್ಲ. ಈ ನ್ಯಾಯದಿಂದ ನೋಡಿದರೆ, ಅಳಿಯ ಹ್ಯಾಂಡಲ್ಲನ್ನು ಒಂದಿಷ್ಟು ಎತ್ತರಿಸಿದುದು ಸಾಧು. ಪುಂಜಾಲಕಟ್ಟೆಯ ದಾರಿಯಲ್ಲಿ ಅವನ ಬೆನ್ನು ಅದಕ್ಕೆ ಸಾಕ್ಷಿ. ಮುಂದೀಪದ ಪ್ರಖರತೆಯನ್ನು ಮಿತಿಯಲ್ಲಿ ಹೆಚ್ಚಿಸಿದುದೂ ಸಾಧು. ಆದರೆ ಹಿಂದಿನ ಮಡ್‌ಗಾರ್ಡನ್ನು ಕತ್ತರಿಸಿ ಎಸೆದುದು ಯಾವ ರಸಕ್ಕಾಗಿ? ಮಡ್‌ಗಾರ್ಡೆಂದರೆ ವಾಹನದ ಸೂರು. ಆಷಾಢದಲ್ಲಿ ಸೂರಿಲ್ಲದೆ ಹೊರಟವನ ಬೆನ್ನಿನ ಮೇಲೆ ಸಿದ್ಧಕಟ್ಟೆಯ ಕೆಂಪುಮಣ್ಣು ಬಾಲದಿಂದ ತಲೆಯವರೆಗೆ ಚಿತ್ರ ಬರೆಯುತ್ತದೆ.

ಏರ್ ಫಿಲ್ಟರಿನ ಪೆಟ್ಟಿಗೆಯನ್ನು ಕಿತ್ತು ತೆರೆದ ಶಂಕುವಿನಾಕಾರದ ಫಿಲ್ಟರು ಹಾಕುವ ಹಂಬಲವೂ ಅವನಿಗಿತ್ತು. ನಿರ್ವಾತದ ಸೂಕ್ಷ್ಮವನ್ನೇ ನಂಬಿ ನಡೆಯುವ ಕಾರ್ಬ್ಯುರೇಟರಿಗೆ ಇದು ಆತ್ಮಘಾತ. ಮಳೆನೀರಿಗೆ ಆಹ್ವಾನವೂ ಹೌದು. ಮೆಕ್ಯಾನಿಕ್ಕರು ಗದರಿದುದರಿಂದ ಅದು ತಪ್ಪಿತು. ಸೈಲೆನ್ಸರಿನ ವಿಷಯದಲ್ಲಿ ಅವರ ಮಾತೂ ನಡೆಯಲಿಲ್ಲ. ಒಳಗಿನ ತಡೆಗಳಿಲ್ಲದ ಕೊಳವೆಯೊಂದನ್ನು ಅಳಿಯ ಎಲ್ಲಿಂದಲೋ ತಂದು ಕಟ್ಟಿಸಿದ. 175 ಸಿ.ಸಿ. ಮೀರಿದ ದ್ವಿಚಕ್ರಿಗೆ ತಯಾರಿಕೆಯ ಹಂತದಲ್ಲಿ ವಿಧಿಸಿರುವ ಶಬ್ದಮಿತಿ 80 ಡೆಸಿಬೆಲ್. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು ತಯಾರಕರ ಮೂಲವಿವರಗಳಿಗೆ ವಿರುದ್ಧವಾದ ಮಾರ್ಪಾಡನ್ನು ನಿಷೇಧಿಸುತ್ತದೆ. ಇದನ್ನೆಲ್ಲ ನಾನು ಹೇಳಿದಾಗ ಅವನು, “ಶಬ್ದ ಇಲ್ಲದಿದ್ದರೆ ಗಾಡಿ ಬಂದದ್ದು ಯಾರಿಗೆ ಗೊತ್ತಾಗ್ತದೆ ಮಾವ?” ಎಂದ. ಕಾನೂನಿನ ಮಾತು ಒತ್ತಟ್ಟಿಗಿರಲಿ. ವಿಮರ್ಶಕನಾಗಿ ನನ್ನ ಆಕ್ಷೇಪ ಬೇರೆ. ಅಷ್ಟು ಶ್ರಮಪಟ್ಟು ಸಮಗೊಳಿಸಿದ ಎಂಜಿನಿನ ಆ ಸಮಮಿಡಿತ ಈ ಅಬ್ಬರದಲ್ಲಿ ಕೇಳಿಸುವುದೇ ಇಲ್ಲ. ಆಕ್ಸಿಲರೇಟರು ಬಿಟ್ಟಾಗ ಕೊಳವೆಯಲ್ಲಿ ಪಟಪಟನೆ ಸಿಡಿಯುವ ಸದ್ದನ್ನು ಅವನು ಶಕ್ತಿಯೆಂದು ಭಾವಿಸಿದ್ದಾನೆ. ಅದು ಮಿಶ್ರಣ ತೆಳುವಾದುದರ ದೂರು.

ಧರ್ಮಸ್ಥಳದ ವಸ್ತುಸಂಗ್ರಹಾಲಯದಲ್ಲಿ ಹಳೆಯ ಕಾರುಗಳು ಹೊಳೆಹೊಳೆಯುತ್ತ ನಿಂತಿವೆ. ನೋಡಿದಾಗಲೆಲ್ಲ ನನಗೆ ಸಂತೋಷವಾಗುತ್ತದೆ. ಆದರೆ ತುಕ್ಕಿನಿಂದೆದ್ದು ಘಾಟಿ ಹತ್ತಿದ ಈ ಕರಿಜ್ಮಾಕ್ಕೆ ನಾನು ಅದಕ್ಕಿಂತ ಒಂದು ಗುಣಾಂಕ ಹೆಚ್ಚು ಕೊಡುತ್ತೇನೆ, ಮಡ್‌ಗಾರ್ಡಿಗಾಗಿ ಅರ್ಧ ಕಳೆದು.

ಆ ಅರ್ಧವನ್ನು ಈಗ ಹಿಂತಿರುಗಿಸಬೇಕಾಗಿದೆ. ಮೊದಲ ಮಳೆಯ ಮರುದಿನವೇ ಅಳಿಯ ಗುಜರಿಯಿಂದ ಹಳೆಯ ಮಡ್‌ಗಾರ್ಡೊಂದನ್ನು ಹುಡುಕಿ ತಂದು ಹಾಕಿಸಿದ್ದಾನೆ. ಮೂಲ ಸೈಲೆನ್ಸರು ಮಾತ್ರ ಇನ್ನೂ ನಮ್ಮ ಅಟ್ಟದ ಮೇಲಿದೆ.